ಎಡಗೈ ಬಡಿಗನ ಮಂಚ

ಸವಣೂರು ಪೇಟೆಯ ಹಿಂದಿನ ಓಣಿಯಲ್ಲಿ ಉಸ್ಮಾನಸಾಬನ ದುಕಾನು. ದುಕಾನು ಅಂದರೆ ಮನೆಯ ಕಟ್ಟೆಯ ಮೇಲೆ ತಗಡು ಇಳಿಸಿ ಮಾಡಿಕೊಂಡ ನೆರಳು, ಅಷ್ಟೇ. ಅವನು ಬಡಿಗ ಹೌದು, ಆದರೆ ಹೊಸದು ಮಾಡುವ ಬಡಿಗನಲ್ಲ. ಕಾಲು ಮುರಿದ ಮಂಚ, ಮುಚ್ಚಳ ಬಿರಿದ ಸಂದೂಕ, ಕಟ್ಟು ಸಡಿಲಾದ ತೊಟ್ಟಿಲು ಇಂಥವನ್ನು ಮತ್ತೆ ನೆಟ್ಟಗೆ ನಿಲ್ಲಿಸುವುದು ಅವನ ಕಸುಬು. ಊರವರು ಅವನನ್ನು ಕರೆಯುತ್ತಿದ್ದದ್ದು ‘ಮುರುಕು ಸಾಮಾನಿನ ಸಾಬ’ ಎಂದು. ಅದಕ್ಕೆ ಅವನು ಬೇಸರ ಮಾಡಿಕೊಂಡವನಲ್ಲ. “ನನ್ನ ಕಡೆ ಮುರಕೊಂಡು ಬರ್ತೈತಿ, ಹೋಗುಮುಂದ ಮೊಮ್ಮಕ್ಕಳ ಕಾಲಕ್ಕೂ ಆಗೂಹಂಗ ಹೋಗ್ತೈತಿ,” ಎಂದು ಗಡ್ಡ ನೀವಿಕೊಳ್ಳುತ್ತಿದ್ದ.

ಹುಬ್ಬಳ್ಳಿಯಿಂದ ಕಬ್ಬಿಣದ ಮಂಚ, ಬೆತ್ತದ ಕುರ್ಚಿ, ಕನ್ನಡಿ ಕೂಡಿಸಿದ ಕಪಾಟು ಎಲ್ಲ ಬರತೊಡಗಿದ್ದ ಕಾಲ ಅದು. ಶಿಗ್ಗಾಂವಿ, ಹಾನಗಲ್ಲ ಕಡೆಯ ಉಳ್ಳವರ ಮನೆಗೆ ಹೊಸದು ಬಂದರೆ ಹಳೆಯದು ಹಿತ್ತಲಿಗೆ ಹೋಗುತ್ತಿತ್ತು, ಹಿತ್ತಲಿನಿಂದ ನೀರೊಲೆಗೆ. ಒಮ್ಮೆ ಶಿಗ್ಗಾಂವಿಯಲ್ಲಿ ಒಬ್ಬ ಆಳು ಕಾಳು ತುಂಬುವ ಹಳೆಯ ಸಂದೂಕಕ್ಕೆ ಕೊಡಲಿ ಎತ್ತಿದ್ದ. ದಾರಿಯಲ್ಲಿ ಹೊರಟಿದ್ದ ಉಸ್ಮಾನಸಾಬ ಓಡಿಹೋಗಿ ಅದರ ಮೇಲೆ ಕೂತುಬಿಟ್ಟ. “ಇದರ ಬದಲಿ ಒಂದು ಗಾಡಿ ಜಾಲಿ ಕಟ್ಟಿಗಿ ಹಾಕಿಸ್ತೇನಿ, ಇದನ್ನ ಕಡೀಬ್ಯಾಡ್ರಿ,” ಎಂದ. ಮನೆಯವರು ನಕ್ಕರು. ಒಣಜಾಲಿ ಚೆನ್ನಾಗಿ ಉರಿಯುತ್ತದೆ, ಲಾಭವೇ ಆಯಿತೆಂದು ಒಪ್ಪಿದರು.

ಆ ಸಂದೂಕವನ್ನು ಬೋರಲು ಹಾಕಿ ತಳ ನೋಡಿದ ದಿನವೇ ಅವನಿಗೆ ಒಬ್ಬ ಗೆಳೆಯ ಸಿಕ್ಕಿದ್ದು. ಸತ್ತು ಎಷ್ಟೋ ಕಾಲವಾಗಿದ್ದ ಗೆಳೆಯ.

ಯಾವ ಬಡಿಗನಾದರೂ ಕಣ್ಣಿಗೆ ಬೀಳುವ ಮುಖವನ್ನು ನಯ ಮಾಡುತ್ತಾನೆ, ತಳವನ್ನು ಬಾಚಿಯಿಂದ ಕೆತ್ತಿ ಹಾಗೆಯೇ ಬಿಡುತ್ತಾನೆ. ಅಲ್ಲಿ ಬಾಚಿಯ ಪೆಟ್ಟುಗಳು ಸಾಲಾಗಿ, ಬಲಗೈ ಬೀಸಿದ ಕಡೆಗೆ ಓರೆಯಾಗಿ ಉಳಿದಿರುತ್ತವೆ. ಈ ಸಂದೂಕದ ತಳದಲ್ಲಿ ಓರೆ ತಿರುಗಾಮುರುಗಾ ಆಗಿತ್ತು. ಮಾಡಿದವನು ಎಡಚ. ಅಷ್ಟೇ ಅಲ್ಲ, ಯಾರೂ ನೋಡದ ಆ ತಳದ ಅಂಚನ್ನೂ ಅವನು ಕೈಗೆ ಸಿಬರು ಚುಚ್ಚದಂತೆ ತೀಡಿದ್ದ. ಕಬ್ಬಿಣದ ಒಂದು ಮೊಳೆಯಿಲ್ಲ. ಕಟ್ಟಿಗೆಗೆ ಕಟ್ಟಿಗೆಯದೇ ಬೆಣೆ.

ಆಮೇಲೆ ಆಡೂರಿನ ಒಂದು ತೂಗುಮಣೆಯ ಅಡಿಯಲ್ಲಿ ಅದೇ ಕೈ ಕಂಡಿತು. ಬಂಕಾಪುರದ ಒಂದು ತೊಟ್ಟಿಲಲ್ಲಿಯೂ. ತೊಟ್ಟಿಲ ಮೈಗೆ ಕೆತ್ತಿದ್ದ ಜೋಳದ ತೆನೆಗಳು ಅಂಗಡಿಯ ಸಾಮಾನಿನ ಹೂವಿನಂತೆ ಒಂದರ ಹಾಗೆ ಒಂದಿರಲಿಲ್ಲ. ಒಂದು ಕಾಳು ತುಂಬಿ ಬಾಗಿತ್ತು, ಒಂದು ಇನ್ನೂ ಹಾಲುದುಂಬುತ್ತಿತ್ತು, ಒಂದನ್ನು ಹಕ್ಕಿ ತಿಂದು ಹೋಗಿತ್ತು. ಹೊಲದಲ್ಲಿ ನಿಂತು ನೋಡಿದವನ ಕೆಲಸ. ಯಾರು ಮಾಡಿದ್ದೆಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. “ನಮ್ಮ ಅಜ್ಜಿ ಕಾಲದ್ದರಿ” ಎನ್ನುವುದರ ಮುಂದೆ ಮಾತು ಹೋಗುತ್ತಿರಲಿಲ್ಲ. ಉಸ್ಮಾನಸಾಬ ಮಾತ್ರ ಅವನನ್ನು ‘ಎಡಗೈಯವರು’ ಎಂದು ಬಹುವಚನದಲ್ಲಿಯೇ ಕರೆಯುತ್ತಿದ್ದ. ಕೆಲಸಕ್ಕೆ ಕೂಡುವ ಮೊದಲು ಆ ಹಲಗೆಗೆ ಒಂದು ಸಲಾಮು. ಹೆಂಡತಿ ರಮಜಾನಬಿ ಅಡುಗೆಮನೆಯಿಂದಲೇ ಚುಚ್ಚುವಳು: “ಆ ಎಡಗೈಯವ್ರ ಮ್ಯಾಲಿನ ಜೀವದಾಗ ಪಾವು ಪಾಲು ನನ್ನ ಮ್ಯಾಲಿದ್ರ ಈ ಮನಿ ಛಾವಣಿ ಸೋರತಿರಲಿಲ್ಲ.”

ಮೂವತ್ತೆರಡನೆಯ ಇಸವಿ. ಹಿರೇಕೆರೂರು ತಾಲೂಕಿನ ರೈತರು ಇಂಗ್ರೇಜಿ ಸರಕಾರಕ್ಕೆ ಕರ ಕೊಡುವುದಿಲ್ಲವೆಂದು ಹಟ ಹಿಡಿದು ಕೂತಿದ್ದರು. ಸರಕಾರದವರು ಗಂಡಸರನ್ನು ಜೈಲಿಗೆ ಒಯ್ದರು. ಮನೆಯ ಸಾಮಾನು ಜಪ್ತಿ ಮಾಡಿ ಚಾವಡಿಯ ಮುಂದೆ ಲಿಲಾವಿಗೆ ಇಟ್ಟರು. ಇಟ್ಟರೇನಾಯಿತು? ಸುತ್ತಲಿನ ಯಾವ ಊರಿನವನೂ ಹರಾಜಿನ ಬೆಲೆ ಕೂಗಲು ಬಾಯಿ ಬಿಡಲಿಲ್ಲ. ಹಾಗಾಗಿ ಸವಣೂರಿಗೆ ಹೇಳಿಕಳಿಸಿದರು. ಸವಣೂರು ನವಾಬರ ಸಂಸ್ಥಾನ; ಅಲ್ಲಿಯವರಿಗೆ ಈ ಗದ್ದಲದ ಹಂಗಿರಲಿಲ್ಲ.

ಕಟ್ಟಿಗೆ ಅಡ್ಡೆಯ ಶಹಾಬುದ್ದೀನ ಸುದ್ದಿ ತಂದ. “ಚಿಕ್ಕೇರೂರಾಗ ಹಳೇ ಸಾಗವಾನಿ ಸಾಮಾನು ಲಿಲಾವಿಗೆ ಬಂದಾವಂತ. ಬೆಲಿ ಏರಸಾವ್ರು ಯಾರೂ ಇಲ್ಲ. ಹೋಗಿ ಗಾಡಿಗೆ ಹೇರಕೊಂಡು ಬಾ, ಉಸ್ಮಾನ.”

ಉಸ್ಮಾನಸಾಬನ ಮನಸ್ಸು ಹಾರಿತು. ಸರಕಾರ, ಕರ, ಹಟ ಯಾವುದೂ ಅವನ ತಲೆಗೆ ಹೋಗಲಿಲ್ಲ. ಹಳೆಯ ಸಾಗವಾನಿ ಎಂಬುದಷ್ಟೇ ಹೋಯಿತು. ಉಳಿವೆಪ್ಪ ಎಂಬ ಗಾಡಿಕಾರನನ್ನು ಗೊತ್ತು ಮಾಡಿಕೊಂಡು ಬಂಕಾಪುರ, ಹಾನಗಲ್ಲ ಹಿಡಿದು ಹೊರಟ. ಹಾನಗಲ್ಲ ದಾಟಿದ ಮೇಲೆ ಉಳಿವೆಪ್ಪ ಕೇಳಿದ: “ಯಾವ ಕೆಲಸಕ್ಕ ಹೊಂಟೀರಿ, ಸಾಬ್ರ?” ಇವನು ಹೇಳಿದ. ಆಮೇಲೆ ಚಿಕ್ಕೇರೂರು ಮುಟ್ಟುವತನಕ ಉಳಿವೆಪ್ಪ ಎತ್ತುಗಳ ಜೊತೆಗಷ್ಟೇ ಮಾತಾಡಿದ.

ಚಾವಡಿಯ ಮುಂದೆ ಊರಿಗೆ ಊರೇ ಸೇರಿತ್ತು. ಆದರೆ ಅಂಥ ಲಿಲಾವನ್ನು ಅವನು ಎಂದೂ ನೋಡಿರಲಿಲ್ಲ. ಜನ ಸಾಮಾನಿಗೆ ಬೆನ್ನು ಹಾಕಿ ಕೂತಿದ್ದರು. ಹೆಂಗಸರು, ಮುದುಕರು, ಎಲ್ಲರೂ. ಕಾರಕೂನನೊಬ್ಬ ಆ ಬೆನ್ನುಗಳಿಗೆ ಕೂಗಿ ಕೂಗಿ ದನಿ ಒಣಗಿಸಿಕೊಂಡಿದ್ದ. ಕೊಳಗ, ಹಂಡೆ, ನೇಗಿಲು, ಕುಂಟೆಗಳ ನಡುವೆ ಒಂದು ಮಂಚ ನಿಂತಿತ್ತು.

ಉಸ್ಮಾನಸಾಬ ಅದರ ಹತ್ತಿರ ಹೋದವನು ತಾನೆಲ್ಲಿದ್ದೇನೆಂಬುದನ್ನೇ ಮರೆತ. ಗಡಿಗೆಯ ಮೇಲೆ ಗಡಿಗೆ ಇಟ್ಟಂತೆ ಕಡೆದ ನಾಲ್ಕು ಕಾಲು. ತಲೆಯ ಕಡೆಯ ಹಲಗೆಯಲ್ಲಿ ಒಂದು ಇಡೀ ಹೊಲ: ಜೋಳದ ಸಾಲು, ಅಟ್ಟದ ಮೇಲೆ ಕವಣೆ ಬೀಸುವ ಹೆಂಗಸು, ಚೆದುರಿದ ಗಿಳಿಗಳು. ಕೈ ತಾಗಿ ತಾಗಿ ಕಟ್ಟಿಗೆ ಜೇನಿನ ಬಣ್ಣಕ್ಕೆ ತಿರುಗಿತ್ತು. ಆ ಗಿಳಿಗಳ ಮೇಲೆಯೇ ಜಪ್ತಿಯವರು ಡಾಂಬರಿನಿಂದ ದಪ್ಪನೆಯ ನಂಬರು ಬರೆದಿದ್ದರು. ಅವನು ಮಂಡಿಯೂರಿ ಮಂಚದ ಅಡಿಗೆ ಕೈ ಹಾಕಿ ಸವರಿದ. ಬೆರಳಿಗೆ ಬಾಚಿಯ ಗೆರೆಗಳು ಸಿಕ್ಕವು. ಓರೆ ಎಡಕ್ಕೆ. ಎಡಗೈಯವರು! ಅವನು ಅಲ್ಲಿಯೇ ಹಲಗೆಗೆ ಒಂದು ಸಲಾಮು ಮಾಡಿದ.

“ಏನೋ ಸಾಬ, ನೋಡಿದ್ದಾತಿಲ್ಲೊ?” ಕಾರಕೂನನಿಗೆ ಜೀವ ಬಂದಿತ್ತು. “ಕೂಗು. ನೀ ಕೂಗಿದ್ದ ರೇಟು. ನಿನ್ನ ಮ್ಯಾಲ ಏರಸಾವ್ರು ಇಲ್ಲಿ ಯಾರೂ ಇಲ್ಲ.”

ಉಸ್ಮಾನಸಾಬ ಬಾಯಿ ತೆರೆದ. ತೆರೆದದ್ದು ಕೂಗುವುದಕ್ಕೇ, ಮುಂದೆ ಎಂದೂ ಅವನು ಆ ಸಂಗತಿಯನ್ನು ಮುಚ್ಚಿಡಲಿಲ್ಲ. ಅಷ್ಟರಲ್ಲಿ ಬೆನ್ನು ಹಾಕಿ ಕೂತವರ ನಡುವಿನಿಂದ ಒಬ್ಬಳು ಎದ್ದು ಬಂದಳು. ಇಳಕಲ್ಲ ಸೀರೆಯ ಸೆರಗು ಹೊದ್ದ, ನಡುವಯಸ್ಸಿನ ಗಟ್ಟಿಮುಟ್ಟಾದ ಹೆಂಗಸು. ಹೆಸರು ಹೊನ್ನವ್ವ. ಮಂಚ ಅವಳ ಮನೆಯದು. ಗಂಡ ಚನ್ನವೀರಪ್ಪ ಜೈಲಿನಲ್ಲಿದ್ದ. ಅಳುತ್ತಾಳೆ, ಇಲ್ಲವೆ ಬೈಯುತ್ತಾಳೆ ಎಂದುಕೊಂಡ ಉಸ್ಮಾನಸಾಬ. ಅವಳು ಎರಡನ್ನೂ ಮಾಡಲಿಲ್ಲ.

“ಸಾಬ್ರ, ಒಯ್ಯೋದಿದ್ರ ಒಯ್ರಿ,” ಎಂದಳು. “ಆದ್ರ ಬಿಸಲಾಗ ಇಡಬ್ಯಾಡ್ರಿ, ಹಲಗಿ ಬಿರೀತೈತಿ. ವರ್ಸಕ್ಕೊಮ್ಮೆ ಕುಸುಬಿ ಎಣ್ಣಿ ಒರಸ್ರಿ. ನಮ್ಮ ಅತ್ತಿ ಹಂಗ ಮಾಡತಿದ್ರು, ನಾನೂ ಹಂಗ ಮಾಡೇನಿ. ನೀವು ಮುಟ್ಟೂದು ನೋಡಿದ್ರ ಬೆಲಿ ಗೊತ್ತಿದ್ದವ್ರು ಕಂಡಂಗಾತು, ಅದಕ್ಕ ಹೇಳಿದ್ನಿ.”

ಇಷ್ಟು ಹೇಳಿ ಹೋಗಿ ಮತ್ತೆ ಬೆನ್ನು ಹಾಕಿ ಕೂತಳು.

ಉಸ್ಮಾನಸಾಬನಿಗೆ ನಾಚಿಕೆಯಾಯಿತು. ಎದ್ದು ಮಂಡಿಯ ಧೂಳು ಕೊಡವಿಕೊಂಡ. “ನಾ ಒಯ್ಯಾಂವಲ್ರಿ, ಸಾಹೇಬ್ರ,” ಎಂದ.

“ಮತ್ತ ಗಾಡಿ ಹೂಡಿಕೊಂಡು ಅಷ್ಟು ದೂರದಿಂದ ಬಂದದ್ಯಾಕ?”

“ನೋಡಾಕ ಬಂದಿದ್ನಿರಿ. ನೋಡಿದ್ನಿ. ಇದು ಮಾರೂ ಸಾಮಾನಲ್ರಿ.”

ಕಾರಕೂನ ಸಿಟ್ಟಿಗೆದ್ದು ಬೈದ. ಆ ಬೈಗುಳದ ಸದ್ದಿಗೆ, ಬೆಳಗಿನಿಂದ ಬೆನ್ನು ಹಾಕಿದ್ದ ಜನ ಒಬ್ಬೊಬ್ಬರಾಗಿ ಮುಖ ತಿರುಗಿಸಿ ಉಸ್ಮಾನಸಾಬನನ್ನು ನೋಡಿದರು. ಅವನನ್ನು ಯಾರೂ ಹೊಗಳಲಿಲ್ಲ. ಒಬ್ಬ ಮುದುಕ ಸರಿದು ಕಟ್ಟೆಯ ಮೇಲೆ ಜಾಗ ಮಾಡಿದ. ಅಷ್ಟೇ. ಉಸ್ಮಾನಸಾಬ ಹೋಗಿ ಅಲ್ಲಿ ಕೂತ. ಉಳಿವೆಪ್ಪ ಎತ್ತುಗಳ ಕೊರಳಿನ ನೊಗ ಬಿಚ್ಚಿ, ದಾರಿಯುದ್ದಕ್ಕೂ ಆಡದ ಮಾತನ್ನೆಲ್ಲ ಒಮ್ಮೆಲೇ ಆಡತೊಡಗಿದ.

ಮಧ್ಯಾಹ್ನ ಹೊನ್ನವ್ವ ಅವರಿಬ್ಬರನ್ನೂ ಊಟಕ್ಕೆ ಕರೆದಳು. ಮನೆಯಲ್ಲಿ ತಾಟುಗಳಿರಲಿಲ್ಲ, ಎಲ್ಲವನ್ನೂ ಒಯ್ದಿದ್ದರು. ರೊಟ್ಟಿಯನ್ನೇ ಕೈಮೇಲಿಟ್ಟು ಅದರ ಮೇಲೆ ಬದನೆಯ ಎಣಗಾಯಿ ಹಾಕಿದಳು. ಉಸ್ಮಾನಸಾಬ ಬಹಳ ವರ್ಷಗಳಿಂದ ಕೇಳುತ್ತ ಬಂದಿದ್ದ ಪ್ರಶ್ನೆಯನ್ನೇ ಕೇಳಿದ: “ಅಕ್ಕಾರ, ಆ ಮಂಚ ಮಾಡಿದವ್ರು ಯಾರು, ಗೊತ್ತೈತೇನ್ರಿ?”

“ಗೊತ್ತಿಲ್ದ ಏನು? ನಮ್ಮ ಅತ್ತಿ ಮದಿವ್ಯಾಗಿ ಬಂದ ವರ್ಸ ಮಾಡಿದ್ದಂತ. ಮಾಸೂರು ಗುತ್ತೆಪ್ಪ ಅಂತ ಬಡಿಗ್ಯಾರಾಂವ. ಮದಗದ ಕೆರಿ ತೂಬಿನ ಕೆಲಸ ಮುಗಿಸಿ ಊರೂರು ತಿರಗತಿದ್ನಂತ. ಒಂದು ಮಳಿಗಾಲ ಪೂರ್ತಿ ಇಲ್ಲೇ ಉಂಡು, ಇಲ್ಲೇ ಮಲಗಿ ಮಾಡ್ಯಾನ. ಎಡಗೈಲೆ ಉಣತಿದ್ದ, ಅದಕ್ಕ ನಮ್ಮ ಅತ್ತಿಯವ್ರ ಅತ್ತಿ ಬೈತಿದ್ರಂತ. ಕವಣಿ ಬೀಸಾಕತ್ತಾಳಲ್ಲ ಹೆಣಮಗಳು, ಆಕಿ ನಮ್ಮ ಅತ್ತಿನ!”

ಉಸ್ಮಾನಸಾಬನ ಕೈಯಲ್ಲಿ ರೊಟ್ಟಿ ಹಾಗೆಯೇ ಉಳಿಯಿತು. “ಗುತ್ತೆಪ್ಪ,” ಎಂದು ಮೆಲ್ಲಗೆ ಒಮ್ಮೆ ಅಂದು ನೋಡಿದ.

ಸವಣೂರಿನಲ್ಲಿ ರಮಜಾನಬಿ ಖಾಲಿ ಗಾಡಿ ನೋಡಿ ಹಣೆ ಚಚ್ಚಿಕೊಂಡಳು. “ಅಷ್ಟು ದೂರ ಹೋಗಿ ಏನ್ ತಂದ್ರಿ?”

“ಹೆಸರು ತಂದೇನಿ,” ಎಂದ ಉಸ್ಮಾನಸಾಬ. ಆ ಹೆಮ್ಮೆಯಲ್ಲಿ ಅವನು ಶಹಾಬುದ್ದೀನನ ನಗೆಯನ್ನೂ ಓಣಿಯವರ ಚೇಷ್ಟೆಯನ್ನೂ ಲೆಕ್ಕಿಸಲಿಲ್ಲ.

ಮಂಚವನ್ನು ಕೊನೆಗೂ ಯಾರೂ ಕೊಳ್ಳಲಿಲ್ಲ. ಚಾವಡಿಯ ಸೂರಿನ ಕೆಳಗೆ ಬಿದ್ದುಕೊಂಡಿತು. ಮಳೆಯ ಇರಚಲು ಹೊಡೆಯಿತು, ಬಿಸಿಲು ಕಾಯಿಸಿತು, ಅದರ ಕಾಲಿಗೆ ದನ ಕಟ್ಟಿದರು. ಹೊನ್ನವ್ವ ದಿನಾ ನೀರಿಗೆ ಹೋಗುವಾಗ ಅದರ ಮುಂದೆಯೇ ಹೋಗುತ್ತಿದ್ದಳು. ಒಂದು ದಿನವೂ ಬಿಟ್ಟುಕೊಡಿರೆಂದು ಕೇಳಲಿಲ್ಲ. ಚನ್ನವೀರಪ್ಪ ಜೈಲಿನಿಂದ ಬಂದವನೂ ಕೇಳಲಿಲ್ಲ. ನೆಲದ ಮೇಲೆ ಕಂಬಳಿ ಹಾಸಿ ಮಲಗಿದರು.

ವರ್ಷಗಳು ಕಳೆದು, ಆ ಸೀಮೆಯನ್ನು ಆಳುತ್ತಿದ್ದ ಮುಂಬಯಿಯಲ್ಲಿ ಚುನಾಯಿತರಾದ ನಮ್ಮವರ ಮಂತ್ರಿಮಂಡಲ ಬಂದ ಮೇಲೆ ಜಪ್ತಿಯಾದದ್ದು ಹಿಂದಿರುಗತೊಡಗಿತು. ಮಂಚವೂ ಮನೆಗೆ ಬಂತು. ಆದರೆ ಯಾವ ಸ್ಥಿತಿಯಲ್ಲಿ! ಒಂದು ಕಾಲು ಮುರಿದಿತ್ತು, ತಲೆಯ ಹಲಗೆ ಉದ್ದಕ್ಕೆ ಸೀಳಿತ್ತು, ಕಟ್ಟಿಗೆ ಬೂದಿ ಬಣ್ಣಕ್ಕೆ ತಿರುಗಿತ್ತು. ಚನ್ನವೀರಪ್ಪನ ತಮ್ಮ ನೋಡಿ, “ಇನ್ನೇನೈತಿ ಇದರಾಗ, ಒಲಿಗೆ ಹಾಕ್ರಿ, ಹುಬ್ಬಳ್ಳಿಯಿಂದ ಹೊಸಾದು ತರ್ಸೂಣು” ಎಂದ. ಹೊನ್ನವ್ವ ಗಂಡನ ಕಡೆ ತಿರುಗಿ ಹೇಳಿದಳು: “ಗಾಡಿ ಹೂಡ್ರಿ. ಸವಣೂರಿಗೆ ಹೋಗೂಣು.”

ಉಸ್ಮಾನಸಾಬ ದುಕಾನಿನ ಮುಂದೆ ನಿಂತ ಗಾಡಿಯನ್ನು ನೋಡಿದ, ಗಾಡಿಯಿಂದ ಇಳಿದ ಹೆಂಗಸನ್ನು ನೋಡಿದ. ಒಳಗೆ ಹೋಗಿ ರಮಜಾನಬಿಗೆ, “ನೀರು ತಾ, ಬೆಲ್ಲ ತಾ. ಗುತ್ತೆಪ್ಪನ ಮನಿಯವ್ರು ಬಂದಾರ,” ಎಂದು ತಪ್ಪಾಗಿಯೇ ಹೇಳಿದ.

ಆ ಮಂಚಕ್ಕೆ ಅವನು ಒಂದು ಇಡೀ ಮಳೆಗಾಲ ಕೊಟ್ಟ. ಹೊಸ ಕಾಲಿಗೆ ಹೊಸ ಕಟ್ಟಿಗೆ ಹೊಂದುವುದಿಲ್ಲವೆಂದು ಸವಣೂರಿನ ಬಿದ್ದ ವಾಡೆಯೊಂದರ ತೊಲೆ ಹುಡುಕಿ ತಂದ. ಮೊದಲು ಅವನಿಗೆ ಒಂದು ಹುಚ್ಚು ಹಿಡಿದಿತ್ತು: ಕಾಲಿನ ಕೆತ್ತನೆಯನ್ನು ತಾನೂ ಎಡಗೈಯಲ್ಲಿಯೇ ಮಾಡಬೇಕು, ನೋಡಿದವರಿಗೆ ಯಾವುದು ಹಳೆಯದು, ಯಾವುದು ಹೊಸದು ತಿಳಿಯಬಾರದು. ಬಾಚಿಯನ್ನು ಎಡಗೈಗೆ ಬದಲಿಸಿ ಹೊಡೆದ. ಕಟ್ಟಿಗೆ ಹಾಳಾಯಿತು, ಹೆಬ್ಬೆರಳಿಗೂ ಪೆಟ್ಟಾಯಿತು. ರಮಜಾನಬಿ ಅರಿಸಿನ ಕಟ್ಟುತ್ತ ಕೇಳಿದಳು: “ಅಲ್ರಿ, ಆ ಗುತ್ತೆಪ್ಪ ಎಂದಾರ ಮತ್ತೊಬ್ಬರ ಕೈ ಕಲಿಯಾಕ ಹೋಗಿದ್ನೇನು?”

ಆ ಮಾತು ನಾಟಿತು. ಬೆರಳು ಮಾಯ್ದ ಮೇಲೆ ಉಸ್ಮಾನಸಾಬ ಬಾಚಿಯನ್ನು ಬಲಗೈಗೆ ತೆಗೆದುಕೊಂಡ. ಗಡಿಗೆಯ ಮೇಲಿನ ಗಡಿಗೆ ಅದೇ ಅಳತೆಗೆ ಬಂತು, ಬೆಣೆ ಅದೇ ಬಿಗಿಗೆ ಕೂತಿತು. ಆದರೆ ಒಳಗಿನ ಪೆಟ್ಟುಗಳು ಬಲಕ್ಕೆ ಓರೆಯಾಗಿದ್ದವು. ಮೂರು ಕಾಲು ಗುತ್ತೆಪ್ಪನವು, ಒಂದು ಉಸ್ಮಾನಸಾಬನದು. ನಾಲ್ಕೂ ನೆಲಕ್ಕೆ ಸಮನಾಗಿ ನಿಂತವು. ಆ ದಿನ ಅವನು ಮಂಚದ ಸುತ್ತ ಸುಮ್ಮನೆ ಸುತ್ತು ಹಾಕುತ್ತಿದ್ದುದನ್ನು ನೋಡಿ ಮಗಳು ಶಾಕೀರಾ ನಕ್ಕಳು.

ಹಲಗೆಯ ಸೀಳನ್ನು ಹೊಂದಿಸಿ ಕೂಡಿಸಿದ್ದಾಯಿತು. ಉಳಿದದ್ದು ಆ ಡಾಂಬರಿನ ನಂಬರು. ಕೀಸುವ ರಂದಾ ಹಿಡಿದು ಅವನು ಅದನ್ನು ತೆಗೆಯಲು ಸಿದ್ಧನಾದ. ಅಂದು ಹೊನ್ನವ್ವ ಮಂಚ ಒಯ್ಯಲು ಗಂಡನೊಂದಿಗೆ ಬಂದಿದ್ದಳು. ಅವಳು ರಂದಾದ ಮೇಲೆ ಕೈಯಿಟ್ಟಳು.

“ಅದು ಇರ್ಲಿ, ಸಾಬ್ರ.”

“ಅಕ್ಕಾರ, ಗಿಳಿ ಮುಖದ ಮ್ಯಾಲ ಡಾಂಬರ ಐತ್ರಿ. ಒಂದೆರಡು ಸಲ ಎಳದ್ರ ಹೋಗ್ತೈತಿ.”

“ಹೋಗಬಾರದು. ನಮ್ಮ ಅತ್ತಿ ಕವಣಿ ಹಿಡದು ಹೊಲ ಕಾದಾಳ. ನಾವೂ ಏನೋ ಒಂದು ಕಾದೇವಿ. ಇದನ್ನ ನೋಡಿ ಮೊಮ್ಮಕ್ಕಳು ಕೇಳಲಿ, ಈ ನಂಬರು ಯಾಕ ಅಂತ.”

ಉಸ್ಮಾನಸಾಬ ಚನ್ನವೀರಪ್ಪನ ಮುಖ ನೋಡಿದ. ಅವನು ತಲೆಯಾಡಿಸಿದ. ರಂದಾ ಕೆಳಗಿಳಿಯಿತು. ಕೊನೆಗೆ ಉಸ್ಮಾನಸಾಬ ಕುಸುಬಿ ಎಣ್ಣೆಯ ಬಟ್ಟೆ ತಂದು ಡಾಂಬರಿನ ಮೇಲೂ ಎಣ್ಣೆ ಒರೆಸಿದ. ಮಂಚ ಚಿಕ್ಕೇರೂರಿಗೆ ಹೊರಟಾಗ ಅವನೂ ಗಾಡಿ ಹತ್ತಿದ. ಬೆಣೆ ಬಡಿದು ಕೂಡಿಸಿಕೊಟ್ಟು ಬರುತ್ತೇನೆ ಎಂಬುದು ನೆಪ. ಅಲ್ಲಿ ಊರವರು ಸಾಲುಗಟ್ಟಿ ಬಂದು ಮಂಚ ಮುಟ್ಟಿ ನೋಡಿದರು. ಹೊಸ ಕಾಲು ಯಾವುದೆಂದು ಕೇಳಿದವರಿಗೆಲ್ಲ ಅವನು ತಾನೇ ಮುಟ್ಟಿ ತೋರಿಸಿದ: “ಇದು ನಂದ್ರಿ.”

ಆಮೇಲೆ ಅವನ ದುಕಾನಿಗೆ ಹಾನಗಲ್ಲ, ಹಿರೇಕೆರೂರು ಕಡೆಯ ಗಾಡಿಗಳು ಬರತೊಡಗಿದವು. ಯುದ್ಧದ ಕಾಲಕ್ಕೆ ಹೊಸ ಕಬ್ಬಿಣದ ಸಾಮಾನು ಸಿಗದಂತಾಗಿ, ಹಿತ್ತಲಿಗೆ ಹೋಗಿದ್ದ ಹಳೆಯವುಗಳನ್ನು ಜನ ಧೂಳು ಒರೆಸಿ ಹೊರಗೆ ತೆಗೆದರು. ಮುರುಕು ಸಾಮಾನಿನ ಸಾಬ ಎನ್ನುತ್ತಿದ್ದವರೇ ಈಗ ‘ಉಸ್ಮಾನ ಮಿಸ್ತ್ರಿಗಳು’ ಎಂದರು. ಆದರೆ ಅವನಿಗೆ ಒಂದು ಕೆಲಸ ಬಾಕಿ ಉಳಿದಂತೆ ಅನ್ನಿಸುತ್ತಿತ್ತು.

ನಲವತ್ತಮೂರರ ಸುಗ್ಗಿ ಮುಗಿದ ಮೇಲೆ ಅವನು ಮಾಸೂರಿಗೆ ಹೋದ. ಗುತ್ತೆಪ್ಪನ ಮನೆ ಯಾವುದೆಂದು ಕೇಳುತ್ತ ಅಲೆದ. ಮದಗದ ಕೆರೆಯ ಕೆಳಗಿನ ಗದ್ದೆಯಲ್ಲಿ ಕೂಲಿಗೆ ಕಾಲುವೆ ತೋಡುತ್ತಿದ್ದ ಲಕ್ಕಪ್ಪ ಎಂಬವನು ಮೊಮ್ಮಗನೆಂದು ಗೊತ್ತಾಯಿತು. ತಲೆ ಅರ್ಧ ನರೆತಿತ್ತು. ಮನೆಯಲ್ಲಿ ಬಾಚಿ, ಉಳಿ ಯಾವುದೂ ಉಳಿದಿರಲಿಲ್ಲ.

“ಅಜ್ಜ ಕಟ್ಟಿಗಿ ಕೆಲಸ ಮಾಡತಿದ್ನಂತ, ಅಷ್ಟ ಗೊತ್ತ್ರಿ,” ಎಂದ ಲಕ್ಕಪ್ಪ. “ಯಾಕ್ರಿ, ಏನಾರ ತಪ್ಪು ಮಾಡಿದ್ನೇನ್ರಿ?”

“ಬಾ, ತೋರಸ್ತೇನಿ,” ಎಂದ ಉಸ್ಮಾನಸಾಬ.

ಲಕ್ಕಪ್ಪ ಚಿಕ್ಕೇರೂರಿನ ಆ ಮನೆಯ ಬಾಗಿಲಲ್ಲಿ ಹಿಂಜರಿದು ನಿಂತ. ಹೊನ್ನವ್ವನಿಗೆ ಯಾರು ಬಂದಿದ್ದಾರೆಂದು ತಿಳಿದದ್ದೇ ಕಾಲಿಗೆ ನೀರು ತಂದುಕೊಟ್ಟಳು. ಪಡಸಾಲೆಯಲ್ಲಿ ಮಂಚ. ಮೇಲೆ ಹೊಸದಾಗಿ ಹೊಲಿದ ಕೌದಿ ಹಾಸಿತ್ತು.

“ಕುಂತ್ಕೋರಿ, ಯಣ್ಣಾ,” ಎಂದಳು.

“ನಾ ನೆಲದ ಮ್ಯಾಲ ಕುಂದರ್ತೇನಿ ಬಿಡ್ರಿ, ಅವ್ವಾರ.”

“ನಿಮ್ಮ ಅಜ್ಜ ಮಾಡಿದ್ದು. ನೀವು ಕುಂದರಲಿಲ್ಲಂದ್ರ ಮತ್ತ್ಯಾರು ಕುಂದರ್ಬೇಕು?”

ಲಕ್ಕಪ್ಪ ತುದಿಯಲ್ಲಿ ಕೂತ. ಉಸ್ಮಾನಸಾಬ ಅವನಿಗೆ ಹಲಗೆಯ ಹೊಲ, ಅಟ್ಟದ ಮೇಲಿನ ಹೆಣ್ಣು, ಗಿಳಿಗಳು ಎಲ್ಲವನ್ನೂ ಒಂದೊಂದಾಗಿ ತೋರಿಸಿದ. ಆಮೇಲೆ ಅವನ ಕೈ ಹಿಡಿದು ಮಂಚದ ಅಡಿಗೆ ಒಯ್ದು ಬಾಚಿಯ ಗೆರೆಗಳ ಮೇಲೆ ಇಟ್ಟ. ಲಕ್ಕಪ್ಪ ಬಹಳ ಹೊತ್ತು ಕೈ ತೆಗೆಯಲಿಲ್ಲ. ತೆಗೆದ ಮೇಲೆ ಸರಿದು, ಮಂಚದ ನಡುವೆ, ಬೆನ್ನು ನೆಟ್ಟಗೆ ಮಾಡಿ ಕೂತ.

“ಎಷ್ಟು ಮಂಚ ಮಾಡ್ಯಾನ್ರಿ, ನಮ್ಮ ಅಜ್ಜ?”

“ನನಗ ಸಿಕ್ಕದ್ದನ್ನೆಲ್ಲ ಹೇಳ್ತೇನಿ. ಆದ್ರ ಸಿಗದದ್ದು ಇನ್ನೂ ಎಷ್ಟೋ ಮನ್ಯಾಗ ಇರ್ತಾವು,” ಎಂದ ಉಸ್ಮಾನಸಾಬ. ಆಡೂರಿನ ತೂಗುಮಣೆಯಿಂದ ಹೇಳತೊಡಗಿದ.

ಊಟ ಮುಗಿಸಿ, ಲಕ್ಕಪ್ಪನನ್ನು ಮಾಸೂರಿಗೆ ಮುಟ್ಟಿಸಲು ಇಬ್ಬರೂ ಹಿರೇಕೆರೂರಿನ ದಾರಿ ಹಿಡಿದರು. ಎದುರಿಗೆ ಸಂತೆಯಿಂದ ಬರುತ್ತಿದ್ದ ಗಾಡಿಯವನೊಬ್ಬ, “ಎಲ್ಲಿಗೆ ಹೋಗಿದ್ದಿ, ಲಕ್ಕಪ್ಪ?” ಎಂದು ಗುರುತು ಹಿಡಿದು ಕೇಳಿದ. ಲಕ್ಕಪ್ಪ ನಿಂತ. ಹೆಗಲ ಮೇಲಿನ ಟವೆಲ್ಲನ್ನು ಸರಿಮಾಡಿಕೊಂಡ.

“ಚಿಕ್ಕೇರೂರಿಗೆ,” ಎಂದ. “ನಮ್ಮ ಅಜ್ಜನ ಕೆಲಸ ನೋಡಾಕ.”